ಕಲಿಕೆಯಲ್ಲಿ ತಡವಾದ ಮಕ್ಕಳೂ ಅವರ ತಾಯಂದಿರೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಕೊಲ್ಲೂರಿನ ಶ್ರೀ ಮೂಕಾಂಬಿಕೆಯ ಸನ್ನಿಧಿಯ ಸರಸ್ವತೀ ಮಂಟಪದಲ್ಲಿ ನಡೆಯುವ ಅಕ್ಷರಾಭ್ಯಾಸವು ಕನ್ನಡನಾಡಿಗೂ ಕೇರಳಕ್ಕೂ ಸಮಾನವಾಗಿ ಪರಿಚಿತವಾದುದು. ಹೆತ್ತವರ ತೊಡೆಯ ಮೇಲೆ ಕುಳಿತ ಎಳೆಯ ಮಗುವಿನ ಬೆರಳನ್ನು ಹಿಡಿದು ಹಿರಿಯರು ಅಕ್ಕಿಯ ಮೇಲೆ ಮೊದಲ ಅಕ್ಷರವನ್ನು ಬರೆಯಿಸುವರು. ಆ ದಿನ ಅಲ್ಲಿ ಬರೆದ ಮಕ್ಕಳೆಲ್ಲರೂ ಸಮಾನರು. ಯಾವ ಬೆರಳೂ ತಾನಾಗಿ ಬರೆಯಲಿಲ್ಲ, ಎಲ್ಲವನ್ನೂ ಇನ್ನೊಂದು ಕೈ ಹಿಡಿದಿತ್ತು. ನಾಲ್ಕಾರು ವರ್ಷಗಳು ಕಳೆಯುವಷ್ಟರಲ್ಲಿ ಈ ಸಮಾನತೆಯು ಅಳಿಯುವುದು. ಕೆಲವು ಮಕ್ಕಳು ಪುಟದಿಂದ ಪುಟಕ್ಕೆ ಓಡುವರು. ಒಂದು ಮಗು ‘ಸ್ತ್ರೀ’ ಎಂಬ ಒಂದೇ ಅಕ್ಷರದ ಮುಂದೆ ನಿಂತುಬಿಡುವುದು. ಮತ್ತೊಂದು ಮಗುವಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದೇ ಒಂದು ವರ್ಷದ ವಿದ್ಯೆಯಾಗುವುದು. ಇಂಥ ಮಗುವಿನ ವಿಷಯದಲ್ಲಿ ಶಾಲೆಯವರು ತಾಯಿಯನ್ನು ಕರೆಯಿಸುವರು, ಮನೆಯವರು ತಾಯಿಯನ್ನು ಕೇಳುವರು, ಊರವರು ತಾಯಿಯ ಮುಖವನ್ನು ನೋಡುವರು. ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಮನೆಗಳನ್ನು ದೃಷ್ಟಿಯಲ್ಲಿಟ್ಟುಕೊಂಡು ಆ ತಾಯಂದಿರ ಸ್ಥಿತಿಯನ್ನು ವಿಚಾರಿಸುವುದೇ ಈ ಉಪನ್ಯಾಸದ ಉದ್ದೇಶವಾಗಿದೆ.

ಮೊದಲು ಶಬ್ದದ ನಿರ್ಣಯವಾಗಬೇಕು. ‘ಕಲಿಯಲಾರದ ಮಗು’ ಎಂದು ಜನರು ಒಂದೇ ಮಾತಿನಿಂದ ಕರೆಯುವುದರೊಳಗೆ ಎರಡು ಬೇರೆ ಬೇರೆ ಸ್ಥಿತಿಗಳು ಅಡಗಿರುವುವು. ಒಂದರಲ್ಲಿ ಮಗುವಿನ ಬುದ್ಧಿಯ ಬೆಳವಣಿಗೆಯೇ ನಿಧಾನವಾಗಿ, ಮಾತು, ಲೆಕ್ಕ, ಸ್ನಾನ, ಊಟ, ವ್ಯವಹಾರ ಎಲ್ಲವೂ ತಡವಾಗುವುವು. ಇದಕ್ಕೆ ಬೌದ್ಧಿಕ ನ್ಯೂನತೆಯೆಂದು ಹೆಸರು. ಇನ್ನೊಂದರಲ್ಲಿ ಬುದ್ಧಿಯು ಚುರುಕಾಗಿಯೇ ಇದ್ದು, ಓದುವ, ಬರೆಯುವ ಅಥವಾ ಲೆಕ್ಕ ಮಾಡುವ ಒಂದು ಶಕ್ತಿಯು ಮಾತ್ರ ತೊಡಕಾಗಿರುವುದು. ಇದಕ್ಕೆ ನಿರ್ದಿಷ್ಟ ಕಲಿಕಾ ನ್ಯೂನತೆಯೆಂದು ಹೆಸರು. ೧೮೯೬ನೆಯ ಇಸವಿಯಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಆಂಗ್ಲ ವೈದ್ಯನು ಹದಿನಾಲ್ಕು ವರ್ಷದ ಒಬ್ಬ ಹುಡುಗನ ವೃತ್ತಾಂತವನ್ನು ಪ್ರಕಟಿಸಿದನು. ಆಟದಲ್ಲಿಯೂ ಮಾತಿನಲ್ಲಿಯೂ ಓರಗೆಯವರಿಗೆ ಕಡಮೆಯಿಲ್ಲದ ಆ ಹುಡುಗನು ಸಣ್ಣ ಶಬ್ದಗಳನ್ನೂ ಓದಲಾರದವನಾಗಿದ್ದನು. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವುದಾದರೆ ಶಾಲೆಯಲ್ಲಿ ಇವನೇ ಮೊದಲಿಗನಾಗುವನೆಂದು ಅವನ ಗುರುಗಳು ಅಭಿಪ್ರಾಯಪಟ್ಟಿದ್ದರು. ‘ಕಲಿಕಾ ನ್ಯೂನತೆ’ ಎಂಬ ಅರ್ಥದ ಇಂಗ್ಲಿಷ್ ಹೆಸರು ಪ್ರಚಾರಕ್ಕೆ ಬಂದದ್ದು ೧೯೬೩ರಲ್ಲಿ ಶಿಕಾಗೋ ನಗರದಲ್ಲಿ ಸ್ಯಾಮ್ಯುಯೆಲ್ ಕರ್ಕ್ ಎಂಬ ಪಂಡಿತನು ಮಾಡಿದ ಭಾಷಣದಿಂದ. ಆ ಸಭೆಯು ಇಂಥ ಮಕ್ಕಳ ತಂದೆತಾಯಂದಿರು ತಾವಾಗಿ ಕೂಡಿಸಿದ ಸಭೆಯಾಗಿತ್ತೆಂಬುದು ನೆನಪಿನಲ್ಲಿಡತಕ್ಕ ಸಂಗತಿ. ನಮ್ಮ ದೇಶದಲ್ಲಿ ೧೯೯೫ರ ಕಾನೂನು ಏಳು ವಿಧದ ಅಂಗವಿಕಲತೆಗಳನ್ನು ಮಾತ್ರ ಗಣಿಸಿತ್ತು. ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಇಪ್ಪತ್ತೊಂದನ್ನು ಗಣಿಸಿ, ಮೇಲೆ ಹೇಳಿದ ಎರಡನ್ನೂ ಪ್ರತ್ಯೇಕವಾಗಿ ಹೆಸರಿಸಿದೆ.

ಈ ಎರಡಕ್ಕೂ ಸೇರದ ಮೂರನೆಯದೊಂದು ಈ ಕರಾವಳಿಯಲ್ಲಿ ಉಂಟು. ಇಲ್ಲಿಯ ಮಗುವು ಮನೆಯಲ್ಲಿ ‘ಹೋಯ್ಕ್’, ‘ಬರ್ಕ್’ ಎನ್ನುವುದು. ಪುಸ್ತಕದಲ್ಲಿ ‘ಹೋಗಬೇಕು’, ‘ಬರಬೇಕು’ ಎಂದಿರುವುದು. ಕಡಲ ದಂಡೆಯ ಖಾರ್ವಿಗಳ ಮನೆಯಲ್ಲಿ ಕೊಂಕಣಿ, ಶಿರೂರಿನ ಎಷ್ಟೋ ಮನೆಗಳಲ್ಲಿ ನವಾಯತಿ, ಬ್ರಹ್ಮಾವರದ ತೆಂಕಣ ಭಾಗದಲ್ಲಿ ತುಳು ಮಾತೃಭಾಷೆಯಾಗಿರುವುದು. ಮೊದಲ ವರ್ಷದ ತಡವರಿಕೆಯು ಭಾಷಾಭೇದದಿಂದಲೂ ಆಗಬಹುದು. ಕನ್ನಡದ ಲಿಪಿಯೂ ಸುಲಭಸಾಧ್ಯವಲ್ಲ. ವರ್ಣಮಾಲೆ ಮುಗಿದ ಮೇಲೆ ಗುಣಿತ, ಗುಣಿತವಾದ ಮೇಲೆ ಒತ್ತಕ್ಷರ, ಹೀಗೆ ನೂರಾರು ಆಕೃತಿಗಳನ್ನು ಕಣ್ಣು ಹಿಡಿಯಬೇಕು. ಬೆಂಗಳೂರಿನಲ್ಲಿ ಕನ್ನಡ ಮಕ್ಕಳ ಓದನ್ನು ಪರಿಶೀಲಿಸಿದ ಸೊನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಕ್ಷರಗಳ ಪೂರ್ಣ ಪರಿಚಯಕ್ಕೆ ಸಾಮಾನ್ಯ ಮಕ್ಕಳಿಗೂ ನಾಲ್ಕೈದು ವರ್ಷಗಳು ಬೇಕಾಗುವುವೆಂದು ತೋರಿಸಿರುವರು. ಆದಕಾರಣ ಒಂದನೆಯ ತರಗತಿಯಲ್ಲಿಯೇ ಮಗುವಿಗೆ ‘ದಡ್ಡ’ನೆಂಬ ಬಿರುದನ್ನು ಕೊಡುವುದು ಅವಿವೇಕ, ನಾಲ್ಕನೆಯ ತರಗತಿಯವರೆಗೂ ‘ಸರಿಹೋದೀತು’ ಎಂದು ಸುಮ್ಮನಿರುವುದು ಅದಕ್ಕಿಂತ ದೊಡ್ಡ ಅವಿವೇಕ. ಈ ಎರಡರ ನಡುವೆ ವ್ಯತ್ಯಾಸವನ್ನು ಗುರುತಿಸಬಲ್ಲವರು ಯಾರು? ಮಗುವನ್ನು ದಿನದ ಇಪ್ಪತ್ತನಾಲ್ಕು ಗಂಟೆಯೂ ನೋಡುವವಳೇ ಮೊದಲು ಗುರುತಿಸುವಳು.

ಆದರೆ ಗುರುತಿಸಿದ ಮಾತನ್ನು ಆಡಿದೊಡನೆಯೇ ಅವಳು ಸಾಕ್ಷಿಯ ಸ್ಥಾನದಿಂದ ಅಪರಾಧಿಯ ಸ್ಥಾನಕ್ಕೆ ಇಳಿಯುವಳು. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯನ್ನು ಮಗಳು ಚೆನ್ನಾಗಿ ಓದಿದಾಗ ಯಾರೂ ನೆನೆಯುವುದಿಲ್ಲ. ಬಸುರಿಯಾಗಿದ್ದಾಗ ಗ್ರಹಣ ನೋಡಿದಳೆಂದು ಒಬ್ಬರು, ಅವಳ ತವರಿನ ನಾಗದೋಷವೆಂದು ಇನ್ನೊಬ್ಬರು, ಪೂರ್ವಜನ್ಮದ ಪಾಪವೆಂದು ಮತ್ತೊಬ್ಬರು ಹೇಳುವರು. ಪ್ರಶ್ನೆ ಕೇಳಿಸುವುದಕ್ಕೂ ಹರಕೆ ತೀರಿಸುವುದಕ್ಕೂ ಹಣವೂ ಕಾಲವೂ ವ್ಯಯವಾಗುವುವು. ಹರಕೆಯಿಂದ ಒಬ್ಬ ತಾಯಿಯ ಮನಸ್ಸಿಗೆ ಧೈರ್ಯವು ಬರುವುದಾದರೆ ಅದನ್ನು ಹಳಿಯಬೇಕಾಗಿಲ್ಲ. ಮಗುವಿನ ಮಾತು, ನಡೆಗಳನ್ನು ತಿದ್ದಲು ಅನುಕೂಲವಾದ ಎಳೆತನದ ವರ್ಷಗಳು ಅದರಲ್ಲಿಯೇ ಕಳೆದುಹೋದರೆ ಮಾತ್ರ ಅದು ಮಗುವಿಗೆ ಆದ ನಷ್ಟ. ಇನ್ನು ಪೂರ್ವಜನ್ಮದ ವಿಚಾರ: ಪರರ ಕಷ್ಟವನ್ನು ಕಂಡಾಗ ಅದರ ಕಾರಣವನ್ನು ಅವರ ಪಾಪದಲ್ಲಿ ಹುಡುಕಬೇಕೆಂದು ಯಾವ ಶಾಸ್ತ್ರವೂ ನೆರೆಮನೆಯವರಿಗೆ ಅಧಿಕಾರವನ್ನು ಕೊಟ್ಟಿಲ್ಲ.

ಇದು ಹಳ್ಳಿಗರ ಅಜ್ಞಾನವೆಂದು ನಗರವಾಸಿಗಳು ನಗುವಂತೆಯೂ ಇಲ್ಲ. ೧೯೪೩ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯನು ಆಟಿಸಂ ಎಂಬ ಸ್ಥಿತಿಯನ್ನು ಮೊದಲು ವಿವರಿಸಿದ ಮೇಲೆ, ಅದಕ್ಕೆ ತಾಯಿಯ ಶೀತಲವಾದ ಮನಸ್ಸೇ ಕಾರಣವೆಂಬ ವಾದವು ಅಮೆರಿಕಾ ದೇಶದಲ್ಲಿ ಹಬ್ಬಿತು. ಬ್ರೂನೋ ಬೆಟಲ್‌ಹೈಮ್ ಎಂಬಾತನು ೧೯೬೭ರಲ್ಲಿ ಅದನ್ನೇ ಸಾಧಿಸುವ ದೊಡ್ಡ ಗ್ರಂಥವನ್ನು ಬರೆದನು. ಅದಕ್ಕೆ ಮೂರು ವರ್ಷ ಮೊದಲೇ, ೧೯೬೪ರಲ್ಲಿ, ಅಂಥ ಒಬ್ಬ ಮಗನ ತಂದೆಯಾದ ಬರ್ನಾರ್ಡ್ ರಿಮ್‌ಲೆಂಡ್ ಆ ವಾದಕ್ಕೆ ಆಧಾರವಿಲ್ಲವೆಂದೂ ಕಾರಣವು ಮಗುವಿನ ನರಮಂಡಲದಲ್ಲಿದೆಯೆಂದೂ ಬರೆದಿದ್ದನು. ಆದರೂ ಆ ವಾದವು ಸಾಯಲು ಬಹುಕಾಲ ಹಿಡಿಯಿತು. ಅಲ್ಲಿ ಪದವೀಧರರು ಆಡಿದ ಮಾತನ್ನೇ ಇಲ್ಲಿ ಜಗಲಿಯ ಮೇಲೆ ಕುಳಿತವರು ಆಡುವರು. ತಾಯಿಯ ಕಿವಿಗೆ ಎರಡೂ ಒಂದೇ.

ನಿಜವಾದ ಕಾರಣಗಳು ಬೇರೆ. ೧೯೫೯ರಲ್ಲಿ ಫ್ರಾನ್ಸ್ ದೇಶದ ಜೆರೋಮ್ ಲೆಜೂನ್ ಮತ್ತು ಮಾರ್ತ್ ಗೋತಿಯೆ ಮೊದಲಾದವರು, ಡೌನ್ ಸಿಂಡ್ರೋಮ್ ಉಳ್ಳ ಮಗುವಿನ ಜೀವಕೋಶಗಳಲ್ಲಿ ನಲವತ್ತಾರಕ್ಕೆ ಬದಲಾಗಿ ನಲವತ್ತೇಳು ವರ್ಣತಂತುಗಳಿರುವುವೆಂದು ತೋರಿಸಿದರು. ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ಉಸಿರು ಸಾಲದೆ ಹೋಗುವುದು, ಗರ್ಭಿಣಿಗೆ ಅಯೋಡಿನ್ ಸಾಲದಿರುವುದು, ಶಿಶುವಿನ ಥೈರಾಯ್ಡ್ ಗ್ರಂಥಿಯ ದೋಷ, ಮೆದುಳಿನ ಜ್ವರ, ಇವೆಲ್ಲ ಬೌದ್ಧಿಕ ನ್ಯೂನತೆಯ ಕಾರಣಗಳೇ. ಸೋದರಮಾವನೊಡನೆಯೋ ಅವನ ಮಗನೊಡನೆಯೋ ಮದುವೆಯಾಗುವ ಪದ್ಧತಿಯಿಂದ ಕೆಲವು ವಂಶಪಾರಂಪರ್ಯ ರೋಗಗಳ ಸಂಭವವು ಹೆಚ್ಚುವುದು. ಆದರೆ ಅಂಥ ರೋಗವು ಮಗುವಿನಲ್ಲಿ ಕಾಣಬೇಕಾದರೆ ತಂದೆಯಿಂದಲೂ ತಾಯಿಯಿಂದಲೂ ಒಂದೊಂದು ಪಾಲು ಬರಲೇಬೇಕು. ಎರಡು ಮನೆಗಳ ಸೊತ್ತನ್ನು ಒಬ್ಬಳ ತಲೆಗೆ ಕಟ್ಟುವುದು ನ್ಯಾಯವಾಗದು.

ಗಾಳಿಯೊಡನೆ ಬಂದ ಕಾರಣವೂ ಒಂದುಂಟು. ಕಾಸರಗೋಡಿನ ಕನ್ನಡಿಗರ ಊರಾದ ಎಣ್ಮಕಜೆಯೇ ಮೊದಲಾದ ಗ್ರಾಮಗಳ ಗೇರುತೋಟಗಳ ಮೇಲೆ ೨೦೦೦ನೆಯ ಇಸವಿಯವರೆಗೆ ವಿಮಾನದಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ಸಿಂಪಡಿಸಲಾಗುತ್ತಿತ್ತು. ಅಲ್ಲಿಯ ಮನೆಮನೆಗಳಲ್ಲಿ ಬುದ್ಧಿಯೂ ಅಂಗಾಂಗಗಳೂ ಬೆಳೆಯದ ಮಕ್ಕಳಿರುವುದನ್ನು ಸ್ಥಳೀಯ ವೈದ್ಯರಾದ ಮೋಹನಕುಮಾರರೂ ಪತ್ರಿಕೋದ್ಯಮಿಗಳಾದ ಶ್ರೀಪಡ್ರೆಯವರೂ ಲೋಕಕ್ಕೆ ತಿಳಿಸಿದರು. ೨೦೧೧ರ ಮೇ ೧೩ರಂದು ದೇಶದ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ತಡೆಯಿತು. ೨೦೧೭ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಗಳನ್ನು ಕೊಡುವಂತೆ ಕೇರಳ ಸರ್ಕಾರಕ್ಕೆ ಆಜ್ಞಾಪಿಸಿತು. ಆಜ್ಞೆಯಾದ ಮೇಲೆಯೂ ಆ ತಾಯಂದಿರು ಮಕ್ಕಳನ್ನೆತ್ತಿಕೊಂಡು ರಾಜಧಾನಿಗೆ ಹೋಗಿ ಕುಳಿತು ಕೇಳಬೇಕಾಯಿತು. ಕರ್ನಾಟಕದಲ್ಲಿಯೂ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಸರ್ಕಾರವು ಸಂತ್ರಸ್ತರನ್ನು ಗುರುತಿಸಿ ಮಾಸಾಶನವನ್ನು ಕೊಡುತ್ತಿರುವುದು. ಮೇಲಿನಿಂದ ವಿಷವು ಸುರಿಯುತ್ತಿದ್ದ ಕಾಲದಲ್ಲಿ ಕೆಳಗೆ ಎಷ್ಟು ಮನೆಗಳಲ್ಲಿ ತಾಯಿಯ ಪಾಪದ ಲೆಕ್ಕವು ನಡೆದಿರಬಹುದು!

ತಾಯಿಯ ಮಾತನ್ನು ಸಾಕ್ಷ್ಯವೆಂದು ಎಣಿಸಿದರೆ ಏನಾಗುವುದೆಂಬುದಕ್ಕೆ ನಾರ್ವೆ ದೇಶದಲ್ಲಿ ನಡೆದ ಒಂದು ಸಂಗತಿಯು ಉದಾಹರಣೆಯಾಗಿದೆ. ಬೋರ್ಗ್ನಿ ಎಗೆಲಾಂಡ್ ಎಂಬ ಗೃಹಿಣಿಗೆ ಇಬ್ಬರು ಮಕ್ಕಳು. ಹುಟ್ಟುವಾಗ ಚೆನ್ನಾಗಿದ್ದ ಅವರಿಬ್ಬರ ಬುದ್ಧಿಯೂ ಬೆಳೆಯದೆ ಹೋಯಿತು. ಮಕ್ಕಳ ಮೂತ್ರಕ್ಕೆ ವಿಚಿತ್ರವಾದ ಮುಗ್ಗಲು ವಾಸನೆಯಿದೆಯೆಂದು ಆಕೆ ವೈದ್ಯರಿಂದ ವೈದ್ಯರಿಗೆ ಹೇಳುತ್ತ ಅಲೆದಳು. ಬಹು ಮಂದಿ ಕಿವಿಗೊಡಲಿಲ್ಲ. ಕೊನೆಗೆ ೧೯೩೪ರಲ್ಲಿ ಅಸ್‌ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯನು ಅವಳ ಮಾತನ್ನು ನಂಬಿ ಮೂತ್ರವನ್ನು ಪರೀಕ್ಷಿಸಿದನು. ಅದಕ್ಕೆ ಕಬ್ಬಿಣದ ಲವಣವನ್ನು ಬೆರಸಲು ಹಸುರು ಬಣ್ಣವು ಬಂದಿತು. ಆಹಾರದಲ್ಲಿರುವ ಒಂದು ಅಂಶವು ದೇಹದಲ್ಲಿ ಜೀರ್ಣವಾಗದೆ ಶೇಖರವಾಗಿ ಮೆದುಳನ್ನು ಕೆಡಿಸುವ ಫಿನೈಲ್‌ಕೀಟೋನ್ಯೂರಿಯಾ ಎಂಬ ರೋಗವು ಹೀಗೆ ಪತ್ತೆಯಾಯಿತು. ಅದಕ್ಕೆ ಪಥ್ಯವನ್ನು ಕಂಡುಹಿಡಿದದ್ದೂ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಒಬ್ಬ ತಾಯಿಯ ಹಟದಿಂದ. ಆಕೆಯು ಹೋರ್ಸ್ಟ್ ಬಿಕೆಲ್ ಎಂಬ ವೈದ್ಯನ ಪ್ರಯೋಗಾಲಯದ ಬಾಗಿಲಲ್ಲಿ ದಿನವೂ ಬೆಳಿಗ್ಗೆ ನಿಂತು, ತನ್ನ ಮಗಳಿಗೆ ಔಷಧವೆಲ್ಲಿ ಎಂದು ಕೇಳುತ್ತಿದ್ದಳಂತೆ. ಪಥ್ಯದ ಫಲವು ೧೯೫೩ರಲ್ಲಿ ಪ್ರಕಟವಾಯಿತು. ಮುಂದೆ ೧೯೬೦ರ ದಶಕದಲ್ಲಿ, ತಾನೂ ಬುದ್ಧಿ ಬೆಳೆಯದ ಮಗನೊಬ್ಬನ ತಂದೆಯಾಗಿದ್ದ ರಾಬರ್ಟ್ ಗತ್ರಿಯು, ನವಜಾತ ಶಿಶುವಿನ ಹಿಮ್ಮಡಿಯ ಒಂದು ತೊಟ್ಟು ರಕ್ತದಿಂದ ಈ ರೋಗವನ್ನು ಕಂಡುಹಿಡಿಯುವ ಪರೀಕ್ಷೆಯನ್ನು ಬಳಕೆಗೆ ತಂದನು. ಮೊದಲ ತಾಯಿಯ ಮಕ್ಕಳಿಗೆ ಇದರಿಂದ ಗುಣವಾಗಲಿಲ್ಲ. ಆದರೆ ಆಕೆ ಮೂಸಿ ತಿಳಿದುದರಿಂದ ಲೋಕದ ಲಕ್ಷಾಂತರ ಶಿಶುಗಳಿಗೆ ಪರೀಕ್ಷೆಯಾಯಿತು.

ಈಗ ನಮ್ಮ ಮೂರು ತಾಲೂಕುಗಳ ಮನೆಯೊಳಕ್ಕೆ ಬರೋಣ. ಇಲ್ಲಿಯ ಗಂಡಸರು ಮುಂಬಯಿ, ಬೆಂಗಳೂರುಗಳ ಹೋಟೆಲುಗಳಲ್ಲಿ ದುಡಿಯುವುದು ಬಹುಕಾಲದ ರೂಢಿ; ಗಂಗೊಳ್ಳಿಯಂಥ ಬಂದರುಗಳ ಗಂಡಸರು ದೋಣಿಯೊಡನೆ ಕಡಲಿನಲ್ಲಿರುವರು. ಹೆಂಗಸರಲ್ಲಿ ಅನೇಕರು ಗೇರುಬೀಜದ ಕಾರ್ಖಾನೆಗೋ ಮೀನು ಮಾರುವುದಕ್ಕೋ ಗದ್ದೆಗೋ ಹೋಗುವರು. ದೂರದಲ್ಲಿರುವ ತಂದೆಗೆ ಮಗುವಿನ ಸ್ಥಿತಿಯು ಫೋನಿನ ಮಾತಿನಿಂದ ತಿಳಿಯತಕ್ಕದ್ದು. ವರ್ಷಕ್ಕೆ ಹದಿನೈದು ದಿನ ಮನೆಗೆ ಬಂದವನಿಗೆ ಮಗನು ಮುದ್ದಾಗಿಯೇ ಕಾಣುವನು. ‘ನಾನೂ ಸಣ್ಣವನಿದ್ದಾಗ ಹೀಗೆಯೇ ಇದ್ದೆ’ ಎಂದು ಹೇಳಿ ಅವನು ರೈಲು ಹತ್ತುವನು. ಅವನು ನಿರ್ದಯನಲ್ಲ, ಅವನು ಕಳುಹಿಸುವ ಹಣದಿಂದಲೇ ಮನೆಯು ನಡೆಯುವುದು. ಆದರೆ ಅವನು ಒಪ್ಪುವ ತನಕ ಮಗುವನ್ನು ಪರೀಕ್ಷೆಗೆ ಒಯ್ಯುವ ಧೈರ್ಯವು ಅವಳಿಗೆ ಬರುವುದಿಲ್ಲ. ಒಯ್ಯುವುದೆಂದರೂ ಸುಲಭವಲ್ಲ. ಬೈಂದೂರಿನಿಂದ ಮಣಿಪಾಲದ ಆಸ್ಪತ್ರೆಗೆ ೬೦ ಕಿಲೋಮೀಟರಿಗೂ ಮಿಕ್ಕಿದ ದಾರಿ. ಒಳನಾಡಿನವರು ಮೊದಲು ಹೆದ್ದಾರಿಯನ್ನು ಮುಟ್ಟಬೇಕು. ಸದ್ದಿಗೆ ಬೆದರುವ ಮಗುವನ್ನು ತುಂಬಿದ ಬಸ್ಸಿನಲ್ಲಿ ಕುಳ್ಳಿರಿಸಬೇಕು. ‘ಮಾಣಿಗೆ ಎಂತ ಆಯ್ತ್?’ ಎಂದು ಕೇಳುವವರಿಗೆಲ್ಲ ಉತ್ತರ ಹೇಳಬೇಕು. ಒಂದು ದಿನದ ಪ್ರಯಾಣಕ್ಕೆ ಒಂದು ದಿನದ ಕೂಲಿಯೂ ಹೋಗುವುದು. ಮಾತಿನ ಶಿಕ್ಷಣಕ್ಕೆ ವಾರವಾರವೂ ಬರಬೇಕೆಂದು ಅಲ್ಲಿ ಹೇಳಿದರೆ, ಆ ಸಲಹೆಯು ಸರಿಯಾಗಿದ್ದರೂ ಅವಳ ಪಾಲಿಗೆ ಅಸಾಧ್ಯವಾದುದಾಗಿರುವುದು.

ಒಡಹುಟ್ಟಿದವರ ಸ್ಥಿತಿಯನ್ನೂ ನೋಡಬೇಕು. ಹಿರಿಯ ಮಗಳು ಹತ್ತನೆಯ ವಯಸ್ಸಿಗೇ ಎರಡನೆಯ ತಾಯಿಯಾಗುವಳು. ಅವಳನ್ನು ನೋಡಲು ವರನ ಕಡೆಯವರು ಬಂದ ದಿನ ತಮ್ಮನನ್ನು ಒಳಕೋಣೆಯಲ್ಲಿಯೋ ನೆಂಟರ ಮನೆಯಲ್ಲಿಯೋ ಇಡುವರು. ತಾಯಿಯು ಇಬ್ಬರು ಮಕ್ಕಳ ನಡುವೆ ಸಿಕ್ಕಿಕೊಳ್ಳುವಳು: ಒಬ್ಬಳ ಮದುವೆಗಾಗಿ ಇನ್ನೊಬ್ಬನು ಇಲ್ಲದವನಂತೆ ನಟಿಸಬೇಕು. ಬಾರಕೂರಿನ ಭೂತಾಳ ಪಾಂಡ್ಯನ ಐತಿಹ್ಯವು ಎಲ್ಲರಿಗೂ ವಿದಿತವಾದುದೇ. ಕುಂಡೋದರನೆಂಬ ಭೂತವು ಬಲಿಯನ್ನು ಕೇಳಿದಾಗ ಅರಸನ ಹೆಂಡತಿಯು ಮಗುವನ್ನು ಕೊಡಲೊಲ್ಲೆನೆಂದಳು; ತಂಗಿಯು ತನ್ನ ಮಗನನ್ನು ಒಪ್ಪಿಸಿದಳು; ಆದುದರಿಂದಲೇ ಆಸ್ತಿಯು ಅಳಿಯನಿಗೆ ಸಲ್ಲುವ ಕಟ್ಟಳೆಯಾಯಿತೆಂದು ಹೇಳುವರು. ಕೊಟ್ಟವಳಿಗೆ ಕೀರ್ತಿ ಬಂದಿತು, ಕೊಡದವಳಿಗೆ ಅಪಕೀರ್ತಿಯು ಬಂದಿತು. ಮನೆಯ ಹಿತಕ್ಕಾಗಿ ಮಗುವನ್ನು ಬಿಟ್ಟುಕೊಡುವೆಯಾ ಎಂಬ ಪ್ರಶ್ನೆಯನ್ನು ಮಾತ್ರ ಇಬ್ಬರಿಗೂ ಕೇಳಲಾಯಿತು. ಮದುವೆಯ ಮಾತುಕತೆಯ ದಿನ ಒಳಕೋಣೆಯ ಬಾಗಿಲನ್ನು ಎಳೆದುಕೊಳ್ಳುವ ತಾಯಿಗೆ ಇಂದಿಗೂ ಆ ಪ್ರಶ್ನೆಯೇ ಬರುವುದು.

ಅಳಿಯಕಟ್ಟಿನ ಹಳೆಯ ಕುಟುಂಬಗಳಲ್ಲಿ ಹೆಣ್ಣುಮಗಳು ತನ್ನ ಮೂಲಮನೆಯಲ್ಲಿ ಅಧಿಕಾರದಿಂದ ಬಾಳುತ್ತಿದ್ದಳು. ಮಗುವಿನ ಹೊಣೆಯು ಸೋದರಮಾವನದಾಗಿತ್ತು. ಬುದ್ಧಿ ತಡವಾದ ಹುಡುಗನಿಗೂ ದನ ಮೇಯಿಸುವ, ತೆಂಗಿನಕಾಯಿ ರಾಶಿ ಹಾಕುವ ಕೆಲಸವೂ, ಹತ್ತು ಜನರ ಪಂಕ್ತಿಯಲ್ಲಿ ಒಂದು ಎಲೆಯೂ ಇರುತ್ತಿದ್ದುವು. ೧೯೪೯ರ ಮದ್ರಾಸ್ ಅಳಿಯಸಂತಾನ ಕಾನೂನು ಪಾಲಿಗೆ ದಾರಿಮಾಡಿತು. ೧೯೭೪ರಲ್ಲಿ ತಿದ್ದಲ್ಪಟ್ಟ ಭೂಸುಧಾರಣೆಯ ಕಾನೂನಿನಿಂದ ಗೇಣಿಯ ಭೂಮಿಯು ಒಕ್ಕಲಿಗೆ ಸೇರಿತು. ದೊಡ್ಡ ಮನೆಗಳು ಸಣ್ಣ ಮನೆಗಳಾದುವು. ಒಕ್ಕಲಿಗೆ ನ್ಯಾಯ ದೊರೆತುದು ಸಂತೋಷದ ವಿಷಯವೇ. ಹಿಂದಿನದೆಲ್ಲವೂ ಚೆನ್ನಾಗಿತ್ತೆಂದು ಹೇಳುವುದೂ ಸತ್ಯವಲ್ಲ. ದೊಡ್ಡ ಮನೆಯ ಕತ್ತಲೆಯ ಕೋಣೆಯಲ್ಲಿ ಜೀವಮಾನವಿಡೀ ಉಳಿದವರೂ ಇದ್ದರು. ಆದರೆ ಹತ್ತು ಕೈಗಳಲ್ಲಿ ಹಂಚಿಹೋಗುತ್ತಿದ್ದ ಕೆಲಸವು ಈಗ ಎರಡು ಕೈಗಳ ಮೇಲೆ ಬಿದ್ದಿದೆಯೆಂಬುದು ನಿರ್ವಿವಾದ.

ಆಸ್ತಿಯ ಮಾತು ಬಂದುದರಿಂದ ಧರ್ಮಶಾಸ್ತ್ರದ ವಿಚಾರವನ್ನು ಹೇಳದೆ ಬಿಡಲಾಗದು. ಯಾಜ್ಞವಲ್ಕ್ಯ ಸ್ಮೃತಿಯು ಕುರುಡ, ಹೆಳವ ಮೊದಲಾದವರೊಡನೆ ಜಡನನ್ನೂ ಎಣಿಸಿ, ಇವರಿಗೆ ದಾಯಭಾಗವಿಲ್ಲ, ಆದರೆ ಇವರನ್ನು ಪೋಷಿಸಲೇಬೇಕು ಎಂದು ವಿಧಿಸಿತು. ಲೋಕವು ಮೊದಲ ಅರ್ಧವನ್ನು ಚೆನ್ನಾಗಿ ನೆನಪಿಟ್ಟುಕೊಂಡು ಎರಡನೆಯ ಅರ್ಧವನ್ನು ತಾಯಿಗೆ ಬಿಟ್ಟಿತು. ೧೯೨೮ರ ಕಾನೂನು ಈ ನಿಷೇಧವನ್ನು ಬಹುಮಟ್ಟಿಗೆ ತೆಗೆದರೂ ಹುಟ್ಟಿನಿಂದಲೇ ಬುದ್ಧಿಯಿಲ್ಲದವರನ್ನು ಹೊರಗೇ ನಿಲ್ಲಿಸಿತು. ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ೨೮ನೆಯ ಪ್ರಕರಣವು ಆ ಬಾಗಿಲನ್ನೂ ತೆರೆದು, ಯಾವ ರೋಗದಿಂದಾಗಲಿ ಊನದಿಂದಾಗಲಿ ಯಾರೂ ದಾಯಕ್ಕೆ ಅನರ್ಹರಾಗುವುದಿಲ್ಲವೆಂದು ಘೋಷಿಸಿತು. ಹೀಗಿದ್ದರೂ ಪಾಲುಪಟ್ಟಿಯನ್ನು ಬರೆಯುವಾಗ ‘ಅವನಿಗೆ ಯಾತಕ್ಕೆ, ಅವನನ್ನು ಅಣ್ಣನು ನೋಡಿಕೊಳ್ಳುವನಲ್ಲ’ ಎಂಬ ಮಾತು ಪಂಚಾಯಿತಿಯಲ್ಲಿ ಸರಾಗವಾಗಿ ಬರುವುದು. ಅಣ್ಣನು ನೋಡಿಕೊಂಡಾನು. ಆದರೆ ಪಾಲಿದ್ದವನನ್ನು ನೋಡಿಕೊಳ್ಳುವುದು ಕರ್ತವ್ಯವೆನಿಸುವುದು. ಪಾಲಿಲ್ಲದವನನ್ನು ನೋಡಿಕೊಳ್ಳುವುದು ಉಪಕಾರವೆನಿಸುವುದು. ಉಪಕಾರವು ಎಷ್ಟು ವರ್ಷ ನಡೆದೀತೆಂಬುದನ್ನು ತಾಯಿಯು ಬಲ್ಲಳು.

ಆದಕಾರಣವೇ ಇಂಥ ತಾಯಂದಿರೆಲ್ಲರ ಬಾಯಲ್ಲಿಯೂ ಒಂದು ಮಾತು ಬರುವುದು: ‘ನನ್ನ ನಂತರ ಯಾರು?’ ಇತರ ತಾಯಂದಿರು ಮಕ್ಕಳಿಗಿಂತ ಮೊದಲು ತಾವು ಹೋಗಬೇಕೆಂದು ಪ್ರಾರ್ಥಿಸುವರು. ಇವಳು ಮಗುವಿಗಿಂತ ಒಂದು ದಿನ ಹೆಚ್ಚಾಗಿ ತಾನು ಬದುಕಬೇಕೆಂದು ಬೇಡುವಳು. ಹೆತ್ತವಳು ತನ್ನ ಮಗುವಿನ ಮರಣವನ್ನು ಮೊದಲು ಬಯಸುವಂತೆ ಮಾಡುವ ಸಮಾಜವು ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕು.

ಈ ಪ್ರಶ್ನೆಗೆ ತಾಯಂದಿರೇ ಉತ್ತರವನ್ನು ಹುಡುಕತೊಡಗಿದ ಚರಿತ್ರೆಯೂ ಉಂಟು. ಜಯ್ ವಕೀಲ್ ಎಂಬ ಪಾರ್ಸಿ ಮಹಿಳೆಯು ಡೌನ್ ಸಿಂಡ್ರೋಮ್ ಇದ್ದ ತನ್ನ ಮಗಳು ದೀನಾಳಿಗೆ ಮುಂಬಯಿಯಲ್ಲಿ ಶಾಲೆಯಿಲ್ಲದುದನ್ನು ಕಂಡು ೧೯೪೪ರಲ್ಲಿ ತಾನೇ ಶಾಲೆಯನ್ನು ತೆರೆದಳು. ಅದು ಇಂದಿಗೂ ನಡೆಯುತ್ತಿರುವುದು. ೧೯೯೫ರಲ್ಲಿ ದೇಶದ ನಾನಾ ಭಾಗಗಳ ಹೆತ್ತವರ ಸಂಘಗಳು ‘ಪರಿವಾರ್’ ಎಂಬ ಒಕ್ಕೂಟವನ್ನು ಕಟ್ಟಿದುವು. ೧೯೯೯ರಲ್ಲಿ ರಾಷ್ಟ್ರೀಯ ನ್ಯಾಸದ ಕಾನೂನು ಬಂದಿತು. ಆಟಿಸಂ, ಮೆದುಳಿನ ಪಾರ್ಶ್ವವಾಯು, ಬೌದ್ಧಿಕ ನ್ಯೂನತೆ, ಬಹುವಿಧ ನ್ಯೂನತೆ ಎಂಬ ನಾಲ್ಕು ಸ್ಥಿತಿಗಳಲ್ಲಿ, ಹದಿನೆಂಟು ವರ್ಷ ತುಂಬಿದವನಿಗೆ ಪಾಲಕನನ್ನು ನೇಮಿಸುವ ಅಧಿಕಾರವು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಾನಿಕ ಸಮಿತಿಗೆ ಇದರಿಂದ ದೊರೆತಿದೆ. ತಾಯಿಯು ಬದುಕಿರುವಾಗಲೇ ಅರ್ಜಿ ಕೊಡಬಹುದು. ಪಾಲಕನು ಆಸ್ತಿಯ ಲೆಕ್ಕವನ್ನು ಒಪ್ಪಿಸತಕ್ಕದ್ದು. ನಿರ್ದಿಷ್ಟ ಕಲಿಕಾ ನ್ಯೂನತೆಯುಳ್ಳ ಮಗುವಿಗೆ ಇಂಥ ಪಾಲಕನ ಅಗತ್ಯವಿಲ್ಲ. ಅವನಿಗೆ ಬೇಕಾದದ್ದು ಪರೀ ಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯುವ ಸಹಾಯಕ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ. ಇವನ್ನು ೨೦೧೬ರ ಕಾನೂನಿನ ೧೭ನೆಯ ಪ್ರಕರಣವು ಹೆಸರೆತ್ತಿ ಹೇಳಿದೆ. ಅಂಥ ಮಗುವನ್ನು ಆದಷ್ಟು ಬೇಗನೆ ಗುರುತಿಸುವುದು ಶಾಲೆಯ ಕರ್ತವ್ಯವೆಂದು ೧೬ನೆಯ ಪ್ರಕರಣವು ವಿಧಿಸಿದೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು ಮಕ್ಕಳನ್ನು ನೋಡತಕ್ಕದ್ದಾಗಿದೆ. ಶಾಲೆಗೆ ಬರಲಾರದ ಮಗುವಿನ ಮನೆಗೇ ಹೋಗಿ ಕಲಿಸುವ ಸಂಪನ್ಮೂಲ ಶಿಕ್ಷಕರ ವ್ಯವಸ್ಥೆಯೂ ಇದೆ. ವ್ಯವಸ್ಥೆಯು ಇರುವುದು ಒಂದು. ಅದು ಮಳೆಗಾಲದಲ್ಲಿ ಹಳ್ಳವನ್ನು ದಾಟಿ ಮನೆಯ ಬಾಗಿಲಿಗೆ ಬರುವುದು ಇನ್ನೊಂದು. ಆದರೆ ಇದೆಯೆಂದು ತಿಳಿಯದವಳು ಕೇಳುವ ಬಗೆಯೇ ಇಲ್ಲ.

ಈ ವಿಚಾರದಿಂದ ಫಲಿಸುವ ಕರ್ತವ್ಯಗಳು ಕೆಲವೇ. ತಾಯಿಯು ‘ಮಗುವಿನಲ್ಲಿ ಏನೋ ವ್ಯತ್ಯಾಸವಿದೆ’ ಎಂದ ದಿನವೇ ಮನೆಯವರು ಅವಳನ್ನು ಕುಳ್ಳಿರಿಸಿಕೊಂಡು, ಏನನ್ನು ಕಂಡೆ, ಯಾವಾಗಿನಿಂದ ಕಂಡೆ ಎಂದು ಕೇಳಬೇಕು. ತಂದೆಯು ಮೊದಲ ಪರೀಕ್ಷೆಗೆ ರಜೆ ಪಡೆದು ಬರಬೇಕು. ವೈದ್ಯರ ಮಾತನ್ನು ಅವನು ತನ್ನ ಕಿವಿಯಿಂದ ಕೇಳಿದರೆ, ಆಮೇಲೆ ಅವಳು ಅದನ್ನು ಇಡೀ ಕುಟುಂಬಕ್ಕೆ ಒಬ್ಬಳೇ ಸಾಧಿಸಿ ತೋರಿಸಬೇಕಾಗುವುದಿಲ್ಲ. ಅಜ್ಜಿಯು ವಾರಕ್ಕೆ ಒಂದು ಸಂಜೆ ಮಗುವನ್ನು ನೋಡಿಕೊಂಡು ಸೊಸೆಯನ್ನು ಯಕ್ಷಗಾನಕ್ಕೋ ತವರಿಗೋ ಕಳುಹಿಸಿದರೆ ಅದು ಸಣ್ಣ ಪುಣ್ಯವಲ್ಲ. ಪಾಲುಪಟ್ಟಿಯಲ್ಲಿ ಆ ಮಗುವಿನ ಹೆಸರನ್ನು ಎಲ್ಲರಿಗಿಂತ ಮೊದಲು ಬರೆಯಬೇಕು. ಅಕ್ಕನಿಗಾಗಲಿ ಅಣ್ಣನಿಗಾಗಲಿ ಬಾಲ್ಯದಲ್ಲಿಯೇ ಆಜೀವದ ಹೊಣೆಯನ್ನು ಆಣೆ ಹಾಕಿಸಿ ಕಟ್ಟಬಾರದು. ಮುಕ್ತಮನಸ್ಸಿನಿಂದ ಬೆಳೆದವರೇ ಮುಂದೆ ಕೈಹಿಡಿಯುವರು.

ಬ್ರಹ್ಮಾವರ ತಾಲೂಕಿನ ಕೋಟದಲ್ಲಿ ನೆಲಸಿರುವ ಅಮೃತೇಶ್ವರಿಯನ್ನು ಜನರು ‘ಹಲವು ಮಕ್ಕಳ ತಾಯಿ’ ಎಂದು ಕರೆಯುವರು. ಈ ನಾಡಿನ ಭಕ್ತಿಯು ದೇವಿಗೆ ಹಲವು ಮಕ್ಕಳನ್ನು ಕೊಟ್ಟಿತು. ಅದರಂತೆಯೇ, ಕಲಿಯಲಾರದ ಒಂದು ಮಗುವಿಗೆ ಹಲವರು ತಾಯಂದಿರಾದರೆ, ಹೆತ್ತವಳ ಭಾರವು ತಾಳಬಹುದಾದಷ್ಟಕ್ಕೆ ಇಳಿಯುವುದು.

ಕೊನೆಗೆ ಮಠಗಳ ವಿಷಯವಾಗಿ ಒಂದು ಮಾತು. ಅನ್ನವನ್ನೂ ಅಕ್ಷರವನ್ನೂ ಬಡಮಕ್ಕಳಿಗೆ ದಾಸೋಹವಾಗಿ ಕೊಟ್ಟ ಕೀರ್ತಿಯು ಕನ್ನಡನಾಡಿನ ಮಠಗಳಿಗೆ ಸಲ್ಲತಕ್ಕದ್ದಾಗಿದೆ. ಪ್ರಸಾದನಿಲಯಗಳಲ್ಲಿ ಬೆಳೆದು ಉನ್ನತಪದವಿಗೇರಿದವರ ಹೆಸರುಗಳನ್ನು ಮಹೋತ್ಸವದ ಸಂದರ್ಭಗಳಲ್ಲಿ ಅಭಿಮಾನದಿಂದ ಓದುವುದುಂಟು. ಹತ್ತು ವರ್ಷದ ಶ್ರಮದಿಂದ ತನ್ನ ಹೆಸರನ್ನು ಬರೆಯಲು ಕಲಿತ ಒಬ್ಬ ಹುಡುಗನ ಹೆಸರು ಆ ಪಟ್ಟಿಯಲ್ಲಿ ಸೇರುವ ದಿನ ಬಂದರೆ, ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿರುವ ಅವನ ತಾಯಿಯು ಮೊದಲ ಬಾರಿಗೆ ತಲೆಯೆತ್ತಿ ನೋಡುವಳು. ಅಂಥ ತಾಯಂದಿರು ಈ ಸಭೆಯಲ್ಲಿಯೂ ಇರಬಹುದು. ಅವರಿಗೆ ನಮಸ್ಕಾರವನ್ನು ಸಲ್ಲಿಸಿ ಈ ಉಪನ್ಯಾಸವನ್ನು ಇಲ್ಲಿಗೆ ಮುಗಿಸಲಾಗುವುದು.